ನಾಲ್ಕೂವರೆ ಅಡಿ ಆಳ

ಕಾರ್ಪ್ ಕ್ರೀಕ್, ಮಿಷಿಗನ್
ಫೆಬ್ರವರಿ 23, 1986

ಅರ್ವೋ ಮಾವ,

ಏಳು ವರ್ಷದ ಮೇಲೆ ಈ ಮನೆಯಿಂದ ನಿನಗೆ ಬರುತ್ತಿರುವ ಮೊದಲ ಪತ್ರ ಇದು. ಅಮ್ಮನಿಗೆ ಗೊತ್ತಿಲ್ಲ. ಅಜ್ಜನ ಮಣ್ಣಿಗೆ ನೀನು ಬರಲಿಲ್ಲವೆಂಬ ಸಿಟ್ಟು ಅವಳಿಗೆ ಇನ್ನೂ ಆರಿಲ್ಲ. ಉತ್ತರವನ್ನು ನಾನು ಕೆಲಸ ಮಾಡುವ ಸಹಕಾರಿ ಅಂಗಡಿಯ ವಿಳಾಸಕ್ಕೆ ಬರೆ. ಫೋನ್ ಮಾಡಬೇಡ. ಫೋನು ಅವಳ ಕುರ್ಚಿಯ ಪಕ್ಕದಲ್ಲೇ ಇದೆ; ನಿನ್ನ ದನಿ ಕೇಳಿದರೆ ಇಟ್ಟುಬಿಡುತ್ತಾಳೆ.

ಕ್ರಿಸ್‌ಮಸ್ಸಿಗೆ ಮುಂಚೆ ನಮ್ಮ ಟ್ರೇಲರ್ ಮನೆಗಳ ಪಾರ್ಕಿನ ನೆಲ ಮಾರಾಟವಾಯಿತು. ಇಪ್ಪತ್ತೆರಡು ಮನೆಗಳು ನಮ್ಮವು, ಅವುಗಳ ಕೆಳಗಿನ ನೆಲ ಮಾತ್ರ ಇನ್ನೊಬ್ಬನದು. ಈ ಅನ್ಯಾಯದ ಬಗ್ಗೆ ಬೇರೆ ಪತ್ರವನ್ನೇ ಬರೆಯಬಲ್ಲೆ, ಈಗ ಪುರುಸೊತ್ತಿಲ್ಲ. ಹೊಸ ಒಡೆಯರು ಎಲ್ಲರ ಬಾಗಿಲಿಗೂ ಚೀಟಿ ಅಂಟಿಸಿದ್ದಾರೆ. ಏಪ್ರಿಲ್ ಹತ್ತಕ್ಕೆ ಪ್ರತಿ ಮನೆಯ ನೆಲವನ್ನೂ ಅಳೆಯುತ್ತಾರಂತೆ. ಒಂದು ತುದಿಗೂ ಇನ್ನೊಂದು ತುದಿಗೂ ಅರ್ಧ ಅಂಗುಲಕ್ಕಿಂತ ಹೆಚ್ಚು ಏರುಪೇರಿದ್ದರೆ ಆ ಮನೆ ಅಪಾಯಕಾರಿ, ಮೂವತ್ತು ದಿನದಲ್ಲಿ ತೆಗೆಯಬೇಕು. ತೆಗೆದು ಎಲ್ಲಿಗೆ ಒಯ್ಯುವುದು? ಕಾರ್ಖಾನೆಯಲ್ಲಿ ಹುಟ್ಟಿ ಲಾರಿಯ ಹಿಂದೆ ಬಂದು ಹದಿನೈದು ವರ್ಷವಾದ ಮನೆಗಳಿವು. ಇಷ್ಟು ಹಳೆಯದನ್ನು ಜಿಲ್ಲೆಯ ಯಾವ ಪಾರ್ಕೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗುಜರಿಯೊಂದೇ ದಾರಿ. ಅವರಿಗೆ ಬೇಕಾಗಿರುವುದು ಕೆರೆಯಂಚಿನ ನೆಲ, ನಮ್ಮ ಕ್ಷೇಮವಲ್ಲ.

ಏರುಪೇರು ಇರುವುದಂತೂ ನಿಜ. ನಮ್ಮ ಬಚ್ಚಲಿನ ಬಾಗಿಲು ಹಾಕಲು ಬರುತ್ತಿಲ್ಲ. ಪಕ್ಕದ ಬೆರಿಲ್ ಟ್ರೆಲೋರ್ ಬಾಣಲೆಗೆ ಮೊಟ್ಟೆ ಒಡೆದರೆ ಅದು ಒಂದೇ ಕಡೆಗೆ ಹರಿದು ಬೇಯುತ್ತದೆ. “ನಮ್ಮನೇಲಿ ಮೊಟ್ಟೆ ಕೂಡ ಪೂರ್ವಕ್ಕೆ ತಿರುಗಿ ಪ್ರಾರ್ಥನೆ ಮಾಡುತ್ತೆ” ಎನ್ನುತ್ತಾಳೆ.

ಈ ಚಳಿಗಾಲದಲ್ಲಿ ಹಳೆಯ ಕಾರ್ಮಿಕ ಸಭಾಂಗಣದ ಅಟ್ಟದ ಮೇಲೆ ಒಂದು ಪೆಟ್ಟಿಗೆ ಕರಪತ್ರಗಳು ಸಿಕ್ಕವು. ಅಷ್ಟನ್ನೂ ಓದಿದೆ. ಗಣಿಯ ಕಾರ್ಮಿಕರು ಅಂದು ಒಗ್ಗಟ್ಟಾಗಿ ಪಡೆದಿದ್ದನ್ನು ನಾವು ಒಬ್ಬೊಬ್ಬರಾಗಿ ಕಳೆದುಕೊಂಡಿದ್ದೇವೆ. ಈ ಸಲ ಹಾಗಾಗದು. ಯಾರಿಗೂ ಕೈ ಒಡ್ಡದೆ ಇಪ್ಪತ್ತೆರಡು ಮನೆಗಳನ್ನೂ ನಾವೇ ಮಟ್ಟಕ್ಕೆ ತರುತ್ತೇವೆ. ಈ ಮನೆಗಳನ್ನೆಲ್ಲ ಇಲ್ಲಿ ತಂದು ನಿಲ್ಲಿಸಿದವನು ನೀನು. ಹೇಗೆಂದು ಹೇಳಿಕೊಡು.

ಇರ್ಯಾ


ಲೇಕ್ ವಿಲ್ಲೋ, ಫ್ಲೋರಿಡಾ
ಮಾರ್ಚ್ 4, 1986

ಇರ್ಯಾ ಮರಿ,

ನಿನ್ನ ಅಕ್ಷರ ನೋಡಿ ನಿಮ್ಮಮ್ಮನದೇ ಎಂದುಕೊಂಡು ಒಂದು ಕ್ಷಣ ಲಕೋಟೆ ಒಡೆಯಲೇ ಇಲ್ಲ. ನಾನು ಹೋಗುವಾಗ ನಿನಗೆ ಹದಿಮೂರು. ಮೀನಿನ ಸಾರಿನಲ್ಲಿ ಈರುಳ್ಳಿ ಹೆಕ್ಕಿ ಹೆಕ್ಕಿ ತಟ್ಟೆಯಂಚಿಗೆ ಸಾಲಾಗಿ ಇಡುತ್ತಿದ್ದೆ. ಈಗ ಒಡೆಯರನ್ನು ಸಾಲಾಗಿ ನಿಲ್ಲಿಸಲು ಹೊರಟಿದ್ದೀಯ.

ಇಲ್ಲಿಯೂ ನನ್ನದು ಅದೇ ಕೆಲಸ. ಮುದುಕ ಮುದುಕಿಯರ ಟ್ರೇಲರ್ ಮನೆಗಳ ಕೆಳಗೆ ಬೆನ್ನಮೇಲೆ ಮಲಗಿ ತೆವಳುವುದು. ಇಲ್ಲಿನ ನೆಲ ಮರಳು, ಹಾವುಗಳಿಂದ ಮಾತ್ರ ಜೋಪಾನವಾಗಿರಬೇಕು.

ಅಳೆಯುವುದು ಸುಲಭ. ಬೆರಳು ದಪ್ಪದ ಪಾರದರ್ಶಕ ಕೊಳವೆ ತಗೋ, ಎಪ್ಪತ್ತು ಅಡಿ. ಬಣ್ಣದ ನೀರು ತುಂಬು, ಒಳಗೆ ಗುಳ್ಳೆ ಇರಬಾರದು. ಒಂದು ತುದಿಯನ್ನು ಮನೆಯ ಕೆಳಗೆ ನಡುವಿನ ಕಂಬದ ಬಳಿ ಕಟ್ಟಿ, ಇನ್ನೊಂದನ್ನು ಪ್ರತಿ ಕಂಬಕ್ಕೂ ಒಯ್ಯಿ. ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿಂದ ಮನೆಯನ್ನು ಹೊತ್ತ ಉಕ್ಕಿನ ತೊಲೆಗೆ ಎಷ್ಟು ಅಂಗುಲ ಎಂದು ಬರೆದುಕೋ. ಮನುಷ್ಯ ಸುಳ್ಳು ಹೇಳಬಹುದು, ಕೊಳವೆಯ ನೀರು ಹೇಳುವುದಿಲ್ಲ.

ಆದರೆ ಅಳೆದು ಸುಮ್ಮನಿರು. ಜಾಕ್ ಹಾಕಿ ಮನೆ ಎತ್ತಬೇಡ. ತಪಾಸಣೆಯನ್ನು ಜೂನ್ ತಿಂಗಳಿಗೆ ಮುಂದೂಡಿ ಎಂದು ಆ ಕಂಪನಿಯವರನ್ನು ಕೇಳಿಕೊಳ್ಳಿ. ಒಂದು ಸಭ್ಯವಾದ ಪತ್ರ ಬರೆದರೆ ಕೇಳುತ್ತಾರೆ. ಈಗ ಅಲ್ಲಿ ಕೆಲಸಕ್ಕೆ ಹವೆ ಸರಿಯಿಲ್ಲ.

ಒಂದು ಚೀಲ ಕಿತ್ತಳೆ ಕಳಿಸಿದ್ದೇನೆ. ಅಂಗಡಿಯದು ಎಂದು ಹೇಳಿ ಅಮ್ಮನಿಗೆ ಕೊಡು.

ಅರ್ವೋ ಮಾವ


ಕಾರ್ಪ್ ಕ್ರೀಕ್
ಮಾರ್ಚ್ 11

ಮಾವ,

ಕೇಳಿಕೊಳ್ಳಬೇಕೇ? ಸಭ್ಯವಾದ ಪತ್ರವೇ? ಫ್ಲೋರಿಡಾದ ಬಿಸಿಲು ನಿನ್ನ ಬೆನ್ನನ್ನು ಮೆತ್ತಗೆ ಮಾಡಿದೆ. ಕಾಯಿರಿ ಎಂಬುದು ಯಾವಾಗಲೂ ಒಡೆಯರ ಮಾತು. ನಮಗೆ ಕೊಟ್ಟಿರುವುದು ಮೂವತ್ತು ದಿನ. ಜೂನ್ ಬರುವಷ್ಟರಲ್ಲಿ ನಮ್ಮ ಮನೆಗಳಿರುವ ಕಡೆ ಬೇಸಿಗೆಯ ಅತಿಥಿಗಳ ದೋಣಿಗಳು ನಿಂತಿರುತ್ತವೆ.

ಕೊಳವೆಗೆ ಹಾಕಿದ ನೀರು ಚಳಿಗೆ ಹತ್ತು ನಿಮಿಷದಲ್ಲಿ ಹೆಪ್ಪುಗಟ್ಟಿತು. ಕಾರಿನ ಗಾಜು ತೊಳೆಯುವ ನೀಲಿ ದ್ರವ ಹಾಕು, ಅದು ಹೆಪ್ಪುಗಟ್ಟುವುದಿಲ್ಲ ಎಂದು ಒನ್ನಿ ಸಾರೆಲಾ ಹೇಳಿದ. ಅವನ ನೆನಪಿದೆಯೇ? ಹದಿನಾಲ್ಕನೇ ಮನೆ. ಗಣಿಯ ಧೂಳು ತಿಂದು ಉಳಿಸಿದ ಅರ್ಧ ಶ್ವಾಸಕೋಶದಲ್ಲೇ ದಿನವಿಡೀ ಬೈಯುತ್ತಾನೆ. ನೀಲಿ ದ್ರವ ಚೆನ್ನಾಗಿ ಕೆಲಸ ಮಾಡಿತು. ನಮ್ಮ ಮನೆಯ ಪೂರ್ವದ ತುದಿ ಒಂದೂಮುಕ್ಕಾಲು ಅಂಗುಲ ಕೆಳಗೆ. ಒನ್ನಿಯದು ಎರಡು ಅಂಗುಲ.

ಶನಿವಾರ ಸಭೆ ಸೇರಿದೆವು. ಹದಿನೆಂಟು ಮನೆಯವರು ಬಂದಿದ್ದರು. ಪಾರ್ಕಿನ ಮೇಲ್ವಿಚಾರಕ ಡೇಲ್ ಕೆಸ್ಲರ್ ಕೂಡ ಬಂದು ಬಾಗಿಲ ಬಳಿ ಕಾಫಿ ಕುಡಿಯುತ್ತ ನಿಂತಿದ್ದ. ಇದೇ ಊರಲ್ಲಿ ಹುಟ್ಟಿ ಅವರ ಸಂಬಳ ತಿನ್ನುವವನು. ನಾವು ಜಾಕ್ ತರುವ ಮಾತಾಡಿದಾಗ ಒಳ್ಳೆಯದಾಗಲಿ ಎಂದು ಹೇಳಿ ಹೋದ.

ಅಮ್ಮನಿಗೆ ಈಗ ಗೊತ್ತಾಗಿದೆ, ನಿನ್ನ ಪತ್ರದ ವಿಷಯ ಒಂದು ಬಿಟ್ಟು. ನಮ್ಮ ಮನೆಯನ್ನು ಮುಟ್ಟಬಾರದಂತೆ. ಪ್ರತಿ ಮೇ ತಿಂಗಳಲ್ಲೂ ಅವಳೇ ಜಾಕ್ ಹಿಡಿದು ಮನೆಯ ಕೆಳಗೆ ನುಸುಳುತ್ತಾಳೆ, ನನ್ನನ್ನು ಹತ್ತಿರ ಸೇರಿಸುವುದಿಲ್ಲ. “ಮೇ ಬರ್ಲಿ, ನೋಡೋಣ” ಎಂದಳು. ಯಾಕೆ ಎಂದು ಕೇಳಿದರೆ ಪಾತ್ರೆ ತೊಳೆಯಲು ಎದ್ದು ಹೋದಳು. ನೀನೂ ಅವಳೂ ಏಳು ವರ್ಷ ಮಾತು ಬಿಟ್ಟಿದ್ದರೂ ಹೆದರುವುದರಲ್ಲಿ ಮಾತ್ರ ಒಂದೇ.

ಕಾಯಬೇಕಾದರೆ ಕಾರಣ ಕೊಡು. ಒಂದೇ ಒಂದು ಸಾಕು.

ಇರ್ಯಾ


ಲೇಕ್ ವಿಲ್ಲೋ
ಮಾರ್ಚ್ 18

ಇರ್ಯಾ,

ನೆಲ ಹೆಪ್ಪುಗಟ್ಟಿದಾಗ ಉಬ್ಬುತ್ತದೆ, ಕರಗಿದಾಗ ಇಳಿಯುತ್ತದೆ. ನಿನಗೂ ಗೊತ್ತಿರುವುದೇ. ಅದಕ್ಕೇ ಹೇಳಿದೆ.

ನೀನು ಹೇಗೂ ಕೇಳುವವಳಲ್ಲ ಎಂದು ಉಳಿದದ್ದನ್ನೂ ಬರೆಯುತ್ತೇನೆ. ಮನೆಯ ಬುಡಕ್ಕೆ ಸುತ್ತ ಹೊಡೆದ ತಗಡು ಬಿಚ್ಚಿ ಗಾಳಿಯಾಡಲು ಬಿಡಿ. ಗ್ಯಾಸಿನ ಕೊಳವೆಯ ಕೀಲನ್ನು ಮೊದಲು ಬಿಡಿಸಬೇಕು, ಇಲ್ಲವಾದರೆ ಮನೆ ಏಳುವಾಗ ಅದು ಮುರಿಯುತ್ತದೆ. ಜಾಕಿನ ಪಕ್ಕದಲ್ಲಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿಡಿ. ಜಾಕ್ ಜಾರಿದರೆ ಮನೆ ದಿಮ್ಮಿಯ ಮೇಲೆ ಕೂರಬೇಕೇ ಹೊರತು ಮನುಷ್ಯನ ಮೇಲಲ್ಲ. ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ ಹೋಗಿ. ಒಂದು ಸಲಕ್ಕೆ ಕಾಲು ಅಂಗುಲ, ಅದಕ್ಕಿಂತ ಹೆಚ್ಚು ಬೇಡ. ಕಂಬಕ್ಕೂ ತೊಲೆಗೂ ನಡುವೆ ಎರಡೆರಡು ಬೆಣೆಗಳನ್ನು ಎದುರು ಬದುರಾಗಿ ಬಡಿಯಿರಿ. ಮನೆ ಕಿರುಗುಟ್ಟುತ್ತದೆ, ಅದಕ್ಕೆ ಹೆದರಬೇಡಿ. ಕಿರುಗುಟ್ಟದೆ ಸುಮ್ಮನಾದರೆ ಹೊರಗೆ ಬನ್ನಿ.

ನಿಮ್ಮ ಒಂಬತ್ತನೇ ಮನೆಯನ್ನು ಮಾತ್ರ ಅಮ್ಮನನ್ನು ಕೇಳದೆ ಮುಟ್ಟಬೇಡ. ಅವಳ ಮಾತು ಕೇಳು. ನನ್ನದಕ್ಕಿಂತ ಅದು ಮೇಲು.

ಮಾವ


ಕಾರ್ಪ್ ಕ್ರೀಕ್
ಮಾರ್ಚ್ 27

ಮಾವ,

ಮುಗಿಸಿದೆವು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ.

ನೀನು ಬರೆದ ಹಿಮದ ಮಾತನ್ನು ನಾನು ಸುಮ್ಮನೆ ಬಿಡಲಿಲ್ಲ. ಗ್ರಂಥಾಲಯದಿಂದ ರಾಜ್ಯ ಸರ್ಕಾರದ ಕೈಪಿಡಿ ತಂದು ಓದಿದೆ. ಕಂಬದ ಕೆಳಗಿನ ಬುನಾದಿಯು, ಚಳಿಗೆ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿದ್ದರೆ ಅದು ಅಲುಗುವುದಿಲ್ಲ. ನಮ್ಮ ಕಡೆ ಆ ಆಳ ನಾಲ್ಕೂವರೆ ಅಡಿ. ಅರ್ವೋ ಹಾಕಿದ ಬುನಾದಿ ನರಕದವರೆಗೆ ಇಳಿದಿದೆ ಎಂದು ಈ ಪಾರ್ಕಿನಲ್ಲಿ ತಮಾಷೆ ಮಾಡದವರಿಲ್ಲ. ಅಂದಮೇಲೆ ಇದು ಬರೀ ಹದಿನೈದು ವರ್ಷದ ಭಾರಕ್ಕೆ ಕೂತದ್ದು, ಹಿಮದ್ದಲ್ಲ. ದೂರದಲ್ಲಿರುವವನು ಅತಿ ಜಾಗ್ರತೆ ಮಾಡುತ್ತಿದ್ದಾನೆ ಎಂದು ತಿಳಿದುಕೊಂಡೆ.

ಸಭೆಯಲ್ಲಿ ನಾಲ್ಕೈದು ಮಂದಿ ಹಿಂಜರಿದರು. ಬೆರಿಲ್ ಕೂಡ. ನಾನು ಮೇಜಿನ ಮೇಲೆ ಹತ್ತಿ ನಿಂತು, ಬುನಾದಿ ತೋಡಿದವನು ನನ್ನ ಸೋದರಮಾವ, ಅವನ ಹೆಸರಿನ ಮೇಲೆ ಹೇಳುತ್ತೇನೆ, ಏನೂ ಆಗುವುದಿಲ್ಲ ಎಂದೆ. ಅದಕ್ಕೇ ಒಪ್ಪಿದರು. ಕರಪತ್ರಕ್ಕೆ ಒಪ್ಪದವರು ನಿನ್ನ ಹೆಸರಿಗೆ ಒಪ್ಪಿದರು.

ಒನ್ನಿ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು ನಮ್ಮ ಕೈಕೆಲಸದಲ್ಲಿ ಕೊಂಕು ತೆಗೆಯುತ್ತಿದ್ದ. ಮುಗಿದ ಮೇಲೆ ಒಳಗೆ ಹೋಗಿ ನೆಲದ ಮೇಲೆ ಮಟ್ಟಗೋಲು ಇಟ್ಟು ಅದರೊಳಗಿನ ಗುಳ್ಳೆಯನ್ನೇ ನೋಡಿದ. “ನಿಮ್ಮಜ್ಜ ಇರ್ಬೇಕಿತ್ತು ಕಣೇ” ಅಂದ.

ನಮ್ಮ ಮನೆಯನ್ನು ಅಮ್ಮ ವೃದ್ಧಾಶ್ರಮದ ಕೆಲಸಕ್ಕೆ ಹೋಗಿದ್ದಾಗ ಮಾಡಿದೆ. ಸಂಜೆ ಬಂದವಳು ಬಚ್ಚಲಿನ ಬಾಗಿಲು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಹೊಗಳುತ್ತಾಳೆ ಎಂದುಕೊಂಡೆ. ಊಟ ಮಾಡದೆ ಮಲಗಿದಳು.

ಇರ್ಯಾ


ಲೇಕ್ ವಿಲ್ಲೋ, ಏಪ್ರಿಲ್ 2
(ಪೆಲಿಕನ್ ಚಿತ್ರದ ಕಾರ್ಡು)

ಪತ್ರ ಸಿಕ್ಕಿತು. ಸಂತೋಷ. ಪ್ರತಿ ವಾರ ಅಳೆಯುತ್ತಿರಿ. ಗ್ಯಾಸಿನ ಕೀಲುಗಳನ್ನು ನೋಡಿಕೊಳ್ಳಿ. ವಿವರವಾಗಿ ಆಮೇಲೆ ಬರೆಯುತ್ತೇನೆ. — ಅ.


ಕಾರ್ಪ್ ಕ್ರೀಕ್
ಏಪ್ರಿಲ್ 11

ಮಾವ,

ಗೆದ್ದೆವು. ಎಂದರೆ, ಅರ್ಧ ಗೆದ್ದೆವು.

ನಿನ್ನೆ ಬೆಳಗ್ಗೆ ಎಲ್ಲರೂ ಬಾಗಿಲು ತೆರೆದಿಟ್ಟು ಕಾಯುತ್ತಿದ್ದೆವು. ಬೆರಿಲ್ ತಪಾಸಣೆಯವರಿಗಾಗಿ ನೆಲಕ್ಕೆ ಮೇಣ ಹಚ್ಚಿದ್ದಳು. ಕೆಸ್ಲರ್ ಒಬ್ಬನೇ ಬಂದ. ನಾಲ್ಕು ಮನೆಗಳಿಗೆ ಹೋಗಿ, ಜೇಬಿನಿಂದ ಸಣ್ಣ ಮಟ್ಟಗೋಲು ತೆಗೆದು ಇಟ್ಟ, ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಅವನು ನಕ್ಕು, ಅಳೆಯುವವರಿಗೆ ಬೇರೆ ಕಡೆ ಕೆಲಸ ಬಂದಿದೆ, ತಪಾಸಣೆ ಮೇ ಹನ್ನೆರಡಕ್ಕೆ ಎಂದ. “ಅವಸರ ಏನಿಲ್ಲ, ಆರಾಮಾಗಿರಿ” ಎಂದು ನನ್ನ ಹೆಗಲು ತಟ್ಟಿದ.

ಅವರು ಹೆದರಿದ್ದಾರೆ ಮಾವ. ನಮ್ಮ ಒಗ್ಗಟ್ಟಿನ ಎದುರು ಮುಖ ತೋರಿಸಲಾಗದೆ ದಿನ ತಳ್ಳುತ್ತಿದ್ದಾರೆ. ಸಭಾಂಗಣದಲ್ಲಿ ಕಾಫಿ, ಏಲಕ್ಕಿ ರೊಟ್ಟಿ ಹಂಚಿದೆವು. ಸುದ್ದಿ ಕೇಳಿದವರಲ್ಲಿ ನಗದೆ ಇದ್ದವಳು ಅಮ್ಮ ಒಬ್ಬಳೇ.

ನೀನು ವಿವರವಾಗಿ ಬರೆಯುತ್ತೇನೆ ಎಂದಿದ್ದೆ. ಬರೆಯಲಿಲ್ಲ.

ಇರ್ಯಾ


ಲೇಕ್ ವಿಲ್ಲೋ
ಏಪ್ರಿಲ್ 17

ಇರ್ಯಾ,

ಕೆಸ್ಲರ್ ಹೆದರಿಲ್ಲ. ಅವನು ಊರಿನವನು, ನೆಲ ಕರಗಲಿ ಎಂದು ಕಾಯುತ್ತಿದ್ದಾನೆ.

ಬುನಾದಿಗಳು ನಾಲ್ಕೂವರೆ ಅಡಿ ಇಲ್ಲ. ಒಂದೂವರೆ ಅಡಿ. ಎಲ್ಲವೂ.

1971ರ ಅಕ್ಟೋಬರ್. ಎರಡು ಅಡಿ ತೋಡುವಷ್ಟರಲ್ಲಿ ಬಂಡೆಯೂ ನೀರೂ ಬರುತ್ತಿದ್ದವು. ಹಿಮ ಬೀಳುವ ಮುಂಚೆ ಎಲ್ಲ ಮನೆ ನಿಲ್ಲಿಸಬೇಕೆಂದು ಆಗಿನ ಒಡೆಯ ದಿನಕ್ಕೆರಡು ಸಲ ಬಂದು ನಿಲ್ಲುತ್ತಿದ್ದ. ಒಂದೂವರೆ ಅಡಿಗೆ ಕಾಂಕ್ರೀಟು ಸುರಿ, ಮೇಲೆ ಮಣ್ಣು ಮುಚ್ಚಿದ ಮೇಲೆ ಯಾರು ಅಗೆದು ನೋಡ್ತಾರೆ ಎಂದ. ಆಗುವುದಿಲ್ಲ ಎಂದರೆ ಬೇರೆಯವರನ್ನು ಕರೆಸುತ್ತಿದ್ದ. ನನಗೆ ಇಪ್ಪತ್ತಾರು ವರ್ಷ. ಅದು ನನ್ನ ಮೊದಲ ದೊಡ್ಡ ಕೆಲಸ. ಸುರಿದೆ.

ಕೊನೆಯದು ನಿಮ್ಮ ಮನೆ. ಅಳತೆಯ ಪಟ್ಟಿಯ ಇನ್ನೊಂದು ತುದಿ ಹಿಡಿದಿದ್ದವಳು ನಿಮ್ಮಮ್ಮ. ಅಂಕಿಯನ್ನು ಅವಳು ನೋಡಿದಳು. ಇಷ್ಟು ಸಾಕು ಎಂದೆ, ನಂಬಿದಳು. ಕೆಲವು ಚಳಿಗಾಲಗಳ ನಂತರ ಅವಳಿಗೇ ಗೊತ್ತಾಯಿತು. ಎಲ್ಲರಿಗೂ ಹೇಳು, ಇಲ್ಲವಾದರೆ ನನ್ನ ಮನೆ ಬಾಗಿಲಿಗೆ ಬರಬೇಡ ಎಂದಳು. ನಾನು ಫ್ಲೋರಿಡಾಕ್ಕೆ ಬಂದೆ. ಅಪ್ಪನ ಮಣ್ಣಿಗೆ ಬರದೇ ಇದ್ದುದಕ್ಕೂ ಅದೇ ಕಾರಣ. ಅವಳು ನನ್ನ ಗುಟ್ಟನ್ನು ಕಾಪಾಡುತ್ತ ಪ್ರತಿ ಮೇ ತಿಂಗಳು ತೆವಳುತ್ತಿದ್ದಾಳೆ.

ಮಾರ್ಚ್‌ನಲ್ಲಿ ನೀವು ಮಟ್ಟ ಮಾಡಿದ್ದು ಉಬ್ಬಿದ ನೆಲದ ಮೇಲೆ. ಹಿಮ ಹೋಗುವಾಗ ಒಂದೊಂದು ಕಂಬವೂ ಒಂದೊಂದು ಅಳತೆಗೆ ಇಳಿಯುತ್ತದೆ. ಮೊದಲಿಗಿಂತ ಕೆಟ್ಟದಾಗಿ, ತಿರುವುಮುರುವಾಗಿ. ಮೊದಲ ಪತ್ರದಲ್ಲೇ ಇದನ್ನು ಬರೆಯಬೇಕಿತ್ತು. ನನ್ನ ಬುನಾದಿ ನರಕಕ್ಕೆ ಇಳಿದಿದೆ ಎಂದು ಅವರು ನಗುವುದನ್ನು ಓದಿದ ಮೇಲೆ ಪೆನ್ನು ಏಳಲಿಲ್ಲ. ಇದನ್ನು ಬರೆದು ಮೂರು ಸಲ ಹರಿದಿದ್ದೇನೆ.

ಎಲ್ಲ ಮನೆಗಳ ಗ್ಯಾಸನ್ನೂ ಇವತ್ತೇ ನಿಲ್ಲಿಸಿ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ.

ಅರ್ವೋ


ಕಾರ್ಪ್ ಕ್ರೀಕ್
ಮೇ 1

ಅರ್ವೋ ಪೆಲ್ಕೋನೆನ್ ಅವರಿಗೆ,

ನಿಮ್ಮ ಪತ್ರ ಏಪ್ರಿಲ್ ಇಪ್ಪತ್ತೆರಡರ ಮಧ್ಯಾಹ್ನದ ಟಪಾಲಿಗೆ ಬಂತು. ಒನ್ನಿ ಸಾರೆಲಾನ ಬಾಗಿಲು ಅವತ್ತು ಬೆಳಗ್ಗೆ ಕಚ್ಚಿಕೊಂಡಿತು.

ಒಳಗಿನಿಂದ ಬಡಿಯುತ್ತಿದ್ದ. ಚೌಕಟ್ಟು ಓರೆಯಾಗಿ ಬಾಗಿಲನ್ನು ಹಿಡಿದಿತ್ತು. ಅಡುಗೆಮನೆಯ ಕಿಟಕಿಯಿಂದ ಗ್ಯಾಸಿನ ವಾಸನೆ. ಅಮ್ಮ ಓಡಿ ಹೋಗಿ ಹೊರಗಿನ ಗ್ಯಾಸ್ ಟ್ಯಾಂಕಿನ ತಿರುಪು ಮುಚ್ಚಿದಳು. ಕಿಟಕಿ ಒಡೆದು ನಾವು ಮೂವರು ಅವನನ್ನು ಹೊರಗೆಳೆದೆವು. ಅವನ ತುಟಿ ನೀಲಿಯಾಗಿತ್ತು. ಹುಲ್ಲಿನ ಮೇಲೆ ಮಲಗಿಸಿದಾಗ ನನ್ನ ಕೈ ಹಿಡಿದು, “ಅರ್ವೋ ಹಾಕಿದ್ದು, ಏನೂ ಆಗಲ್ಲ ಅಂದಿದ್ಯಲ್ಲ ಮಗಳೇ” ಎಂದ. ತಮಾಷೆಗೆ ಹೇಳಿದ. ಆಸ್ಪತ್ರೆಯಲ್ಲಿ ಆರು ದಿನ ಇದ್ದ. ಬದುಕಿದ್ದಾನೆ.

ಮಧ್ಯಾಹ್ನ ನಿಮ್ಮ ಪತ್ರ ಓದಿ ಅಮ್ಮನ ಎದುರು ಇಟ್ಟೆ. ಅವಳು ಮುಟ್ಟಲಿಲ್ಲ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನನ್ನ ತಮ್ಮ ಅಲ್ವೇನೇ” ಅಂದಳು. ಆ ಉತ್ತರದ ಎದುರು ಹಿಡಿಯಲು ನನ್ನ ಪೆಟ್ಟಿಗೆಯಲ್ಲಿ ಒಂದು ಕರಪತ್ರವೂ ಇರಲಿಲ್ಲ.

ನಿನ್ನೆ ಅಳೆದೆ. ಹತ್ತೊಂಬತ್ತು ಮನೆಗಳು ಅರ್ಧ ಅಂಗುಲ ಮೀರಿವೆ. ನೆಲ ಇನ್ನೂ ಇಳಿಯುತ್ತಿದೆ. ಮತ್ತೆ ಜಾಕ್ ಹಾಕಿದರೆ ಮತ್ತೆ ಇದೇ. ತಪಾಸಣೆಗೆ ಹನ್ನೊಂದು ದಿನ.

ನೆಲದ ಒಪ್ಪಂದದ ಕಾಗದವನ್ನು ನಾಲ್ಕು ಸಲ ಓದಿದೆ. ಏಳನೇ ಕಲಮು: ಮನೆ ಬಾಡಿಗೆದಾರನದು, ಬುನಾದಿ ನೆಲದ ಒಡೆಯನದು, ಅದರ ದೋಷದ ಹೊಣೆಯೂ ಅವನದು. ನಮ್ಮದು ತೊಲೆಯವರೆಗೆ ಮಾತ್ರ. ಅದರ ಕೆಳಗಿನದೆಲ್ಲ ಅವರದು. ಹದಿನೈದು ವರ್ಷ ಯಾರೂ ಇದನ್ನು ಬಳಸದೇ ಇದ್ದುದು ಯಾಕೆಂದರೆ ಬುನಾದಿಯಲ್ಲಿ ದೋಷವಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು.

ನಿಮ್ಮ ಕ್ಷಮೆಯಾಚನೆ ನನಗೆ ಬೇಡ. ಬೇಕಾದದ್ದು ಹೇಳಿಕೆ: ಎಷ್ಟು ಗುಂಡಿ, ಎಷ್ಟು ಆಳ, ಯಾರು ಹೇಳಿದರು, ಯಾವ ದಿನ. ಕಣ್ಣೀರು ಬೇಡ. ನೋಟರಿಯ ಎದುರು ರುಜು ಮಾಡಿ. ಇದರಿಂದ ನಿಮ್ಮ ಪರವಾನಗಿ ಹೋಗಬಹುದು. ಹೆಸರಂತೂ ಹೋಗುತ್ತದೆ. ಹನ್ನೆರಡರೊಳಗೆ ಬರದಿದ್ದರೆ ನಮ್ಮ ಮನೆಗಳು ಹೋಗುತ್ತವೆ.

ಇರ್ಯಾ ಕಾಂತೋಲಾ


ಲೇಕ್ ವಿಲ್ಲೋ
ಮೇ 6

ಇರ್ಯಾ,

ಇದರೊಂದಿಗೆ ಎರಡು ಹಾಳೆ ಇದೆ. ಒಟ್ಟು ಆರುನೂರ ಹದಿನಾರು ಗುಂಡಿ. ಒಂದನ್ನೂ ಕಡಿಮೆ ಹೇಳಿಲ್ಲ. ಓದಿ ಮುಗಿಸಿದ ನೋಟರಿ ಹೆಂಗಸು ಇದನ್ನು ಖಂಡಿತ ಕಳಿಸುತ್ತೀರಾ ಎಂದು ಕೇಳಿದಳು. ಇಲ್ಲಿನ ಪರವಾನಗಿ ಕಚೇರಿಗೂ ಒಂದು ಪ್ರತಿ ನಾನೇ ಕೊಟ್ಟು ಬಂದೆ, ಇಲ್ಲವಾದರೆ ಕಳಿಸುವ ಮುಂಚೆ ಮತ್ತೆ ಹರಿಯುತ್ತಿದ್ದೆ.

ಒಂಬತ್ತನೇ ಮನೆಯ ಈಶಾನ್ಯ ಮೂಲೆಯಲ್ಲಿ ಅಗೆಯಿರಿ. ಅಲ್ಲಿ ಬಂಡೆಯಿಲ್ಲ, ಸಲಿಕೆ ಸುಲಭವಾಗಿ ಇಳಿಯುತ್ತದೆ. ಜಿಲ್ಲೆಯ ಕಟ್ಟಡ ಅಧಿಕಾರಿಯ ಕಣ್ಣೆದುರೇ ಅಗೆಯಿರಿ.

ಒನ್ನಿಗೆ ಬರೆಯಲು ಕೂತೆ. ಮೇಲೆ ಅವನ ಹೆಸರು ಬರೆದೆ, ಅಷ್ಟೇ ಆಯಿತು.

ಬುನಾದಿಗಳನ್ನು ಹೊಸದಾಗಿ ತೋಡಿಸುವುದಾದರೆ ನಾನು ಬರುತ್ತೇನೆ. ಕೂಲಿ ಬೇಡ. ಗುಡಾರದಲ್ಲಿ ಮಲಗುತ್ತೇನೆ. ನಿಮ್ಮವರನ್ನು ಕೇಳಿ ಹೇಳು.

ಅರ್ವೋ


ಕಾರ್ಪ್ ಕ್ರೀಕ್
ಮೇ 25

ಮಾವ,

ನಿನ್ನ ಹೇಳಿಕೆ ಒಂಬತ್ತಕ್ಕೆ ಬಂತು. ಹತ್ತರಂದು ಸಭಾಂಗಣದಲ್ಲಿ ಓದಿದೆ. ಅದಕ್ಕೆ ಮುಂಚೆ ನನ್ನದನ್ನೂ ಹೇಳಿದೆ: ಕಾಯಿರಿ ಎಂದು ಇಬ್ಬರು ಹೇಳಿದ್ದರು, ಕೇಳಲಿಲ್ಲ, ನಾನು ಅಗೆದು ನೋಡದ ಆಳಕ್ಕೆ ಇನ್ನೊಬ್ಬನ ಹೆಸರಿನ ಮೇಲೆ ಆಣೆ ಇಟ್ಟೆ. ಮೇಜಿನ ಮೇಲೆ ಹತ್ತದೆ, ನೆಲದ ಮೇಲೆ ನಿಂತು ಹೇಳಿದೆ. ಬೆರಿಲ್ ಎದ್ದು ಹೋದಳು, ಆಮೇಲೆ ಹಿಂತಿರುಗಿ ಬಂದಳು. ಒನ್ನಿ, “ನಮ್ಮನೇಲಿ ಕಾಫಿ ಕುಡ್ಕೊಂಡೇ ಒಂದೂವರೆ ಅಡಿ ತೋಡಿದ್ನಲ್ಲ ಬೋಳಿಮಗ” ಎಂದ. ಯಾರೂ ನಗಲಿಲ್ಲ.

ಹನ್ನೆರಡಕ್ಕೆ ಅಳೆಯುವವರು ಬಂದರು. ಹತ್ತೊಂಬತ್ತು ಮನೆ ನಪಾಸು. ಕೆಸ್ಲರ್ ಕೆಂಪು ಚೀಟಿಗಳ ಕಟ್ಟನ್ನು ಮೊದಲೇ ತಂದಿದ್ದ. ಮಾರ್ಚ್‌ನಲ್ಲಿ ನಾವು ಜಾಕ್ ಹೊತ್ತು ಓಡಾಡುವುದನ್ನು ನೋಡಿ ನಗು ತಡೆಯುವುದೇ ಕಷ್ಟವಾಗಿತ್ತು ಎಂದು ನನ್ನ ಮುಖಕ್ಕೇ ಹೇಳಿದ. ಆಗ ಜಿಲ್ಲೆಯ ಕಟ್ಟಡ ಅಧಿಕಾರಿಯ ಕಾರು ಬಂತು. ನಾವು ಕರೆಸಿದ್ದೆವು.

ಒಂಬತ್ತನೇ ಮನೆಯ ಈಶಾನ್ಯ ಮೂಲೆ. ಸಲಿಕೆ ನನ್ನ ಕೈಯಲ್ಲಿತ್ತು. ಅಮ್ಮ ಬಂದು ಅದನ್ನು ತೆಗೆದುಕೊಂಡಳು. ಒಬ್ಬಳೇ ಅಗೆದಳು, ಯಾರಿಗೂ ಕೊಡಲಿಲ್ಲ. ಸಲಿಕೆಯ ಬಾಯಿ ಕಾಂಕ್ರೀಟಿನ ಕೆಳಗೆ ನುಗ್ಗಿದಾಗ ಅಧಿಕಾರಿ ಮಂಡಿಯೂರಿ ಪಟ್ಟಿ ಇಳಿಸಿದ. ಹದಿನೇಳೂವರೆ ಅಂಗುಲ. ಕೆಸ್ಲರ್ ನೆಲ ನೋಡುತ್ತಿದ್ದ. ನಿನ್ನ ಹೇಳಿಕೆಯನ್ನೂ ಏಳನೇ ಕಲಮನ್ನೂ ಅಧಿಕಾರಿ ಅಲ್ಲೇ ಕಾರಿನ ಮೇಲಿಟ್ಟು ಓದಿದ.

ಆದೇಶ ಮೊನ್ನೆ ಬಂತು. ಒಂದು ಮನೆಯನ್ನೂ ತೆಗೆಯುವಂತಿಲ್ಲ. ಮುಂದಿನ ಚಳಿಗಾಲದೊಳಗೆ ಒಡೆಯರು ಬುನಾದಿಗಳನ್ನೆಲ್ಲ ಹೊಸದಾಗಿ ತೋಡಿಸಬೇಕು. ಅವರು ಮೇಲ್ಮನವಿ ಹಾಕುತ್ತಾರಂತೆ. ಹಾಕಲಿ, ಅಲ್ಲಿಯವರೆಗೆ ಕೆಲಸ ನಿಲ್ಲಿಸುವಂತಿಲ್ಲ.

ನಿನ್ನ ವಿಷಯವನ್ನು ಸಭೆಗೆ ಇಟ್ಟೆ. ಮನೆಗೊಂದು ಮತ. ಬರಲಿ ಎಂದು ಒಂಬತ್ತು, ಬೇಡವೆಂದು ಹದಿಮೂರು. ನಮ್ಮ ಮನೆಯ ಮತ ಅಮ್ಮನದು. ಅವಳು ಬರಲಿ ಎಂದು ಕೈ ಎತ್ತಿದಳು, ಎಣಿಸಿ ಮುಗಿಯುವವರೆಗೂ ಇಳಿಸಲಿಲ್ಲ. ನನಗೆ ಮತವಿದ್ದಿದ್ದರೆ ಬೇಡ ಎನ್ನುತ್ತಿದ್ದೆ. ಸುಳ್ಳು ಬರೆಯಲಾರೆ. ಆದ್ದರಿಂದ ಬರಬೇಡ.

ನಾಡಿದ್ದು ಒಂಬತ್ತು ಗಂಟೆಗೆ ಒಡೆಯರ ಗುತ್ತಿಗೆದಾರನ ಜನ ಬಂಡೆ ಒಡೆಯುವ ಯಂತ್ರದ ಜೊತೆ ಬರುತ್ತಾರೆ. ಬೇಗ ಮುಗಿಸುವ ಅವಸರ ಅವರಿಗೂ ಇದೆ, ಅವರ ಹಿಂದೆಯೂ ದಿನಕ್ಕೆರಡು ಸಲ ಬಂದು ನಿಲ್ಲುವವನಿದ್ದಾನೆ. ನನ್ನ ಎತ್ತರ ಐದಡಿ ಎರಡಂಗುಲ, ಗದ್ದದವರೆಗೆ ಸರಿಯಾಗಿ ನಾಲ್ಕೂವರೆ ಅಡಿ. ಪ್ರತಿಯೊಂದು ಗುಂಡಿಗೂ ನಾನೇ ಇಳಿದು ನಿಲ್ಲುತ್ತೇನೆ. ನೆಲದ ಅಂಚು ನನ್ನ ಗದ್ದಕ್ಕೆ ಬರುವವರೆಗೆ ಒಂದು ಬುಟ್ಟಿ ಕಾಂಕ್ರೀಟನ್ನೂ ಸುರಿಯಲು ಬಿಡುವುದಿಲ್ಲ.

ಇರ್ಯಾ